ಮೇಣ ಕೆತ್ತಲು ಸ್ಪಿರಿಟ್ ದೀಪವೋ, ಸೋಲ್ಡರಿಂಗ್ ಐರನ್ನೋ?

ಉಂಗುರ ಎರಕ ಹೊಯ್ಯಲು ಬೇಕಾದ ಮೇಣದ ಮಾದರಿ ಕೆತ್ತಲು ಅಗ್ಗದ ಬಿಸಿ ಉಪಕರಣ ಯಾವುದು ಅಂತ ಕೇಳಿದ್ದೀರಿ. ಖರ್ಚು ನೋಡಿದರೆ ಸ್ಪಿರಿಟ್ ದೀಪ, ಮರದ ಹಿಡಿಗೆ ಸಿಕ್ಕಿಸಿದ ದಬ್ಬಳ ಸಾಕು. ಮೇಣದಬತ್ತಿ ಬೇಡ, ಮಸಿ ಅಂಟುತ್ತದೆ. ಆದರೆ ದಬ್ಬಳ ಬೇಗ ತಣ್ಣಗಾಗುತ್ತದೆ, ಮತ್ತೆ ಮತ್ತೆ ಕಾಯಿಸಬೇಕು. ರಾಯಚೂರಿನ ಮೇ ತಿಂಗಳಲ್ಲಂತೂ ಫ್ಯಾನ್ ಹಾಕಿದರೆ ದೀಪ ಆರುತ್ತದೆ, ಹಾಕದಿದ್ದರೆ ನಾವೇ ಬೇಯುತ್ತೇವೆ!

25 ವ್ಯಾಟ್ ಸೋಲ್ಡರಿಂಗ್ ಐರನ್ ಒಂದೇ ಸಮ ಬಿಸಿ ಕೊಡುತ್ತದೆ. ಸುಮ್ನೆ ಪ್ಲಗ್ ಹಾಕಿದರೆ 300 ಡಿಗ್ರಿ ದಾಟಿ ಮೇಣ ಹೊಗೆಯಾಡುತ್ತದೆ, ಬಿಸಿ ತಗ್ಗಿಸಲು ಡಿಮ್ಮರ್ (ಕರೆಂಟ್ ಕಡಿಮೆ ಮಾಡುವ ರೆಗ್ಯುಲೇಟರ್) ಬೇಕೇ ಬೇಕು. ವೈರಿಂಗ್ ಗೊತ್ತಿದ್ದವರಿಂದಲೇ ಮಾಡಿಸಿ. ತುದಿಗೆ ದಪ್ಪ ತಾಮ್ರದ ತಂತಿ ಸುತ್ತಿ, ಅದರ ಮೂತಿಯನ್ನು ಅರದಿಂದ ಚೂಪು ಮಾಡಿದರೆ ಸಣ್ಣ ಗೆರೆಯೂ ಬರುತ್ತದೆ.

ತಿಂಗಳಿಗೆ ಒಂದೆರಡು ಉಂಗುರ ಅಂದರೆ ದೀಪವೇ ಸಾಕು. ದಿನವಿಡೀ ಮಾದರಿಗೆ ಕರಗಿದ ಮೇಣ ಸೇರಿಸಿ ತುಂಬುವ ಕೆಲಸ ಜಾಸ್ತಿ ಇದ್ದರೆ ಐರನ್. ನಾನು ಐರನ್ ಹಿಡಿದರೂ ದೀಪ ಪಕ್ಕದಲ್ಲೇ ಇರುತ್ತದೆ, ಕರೆಂಟ್ ಹೋಗುತ್ತದಲ್ವಾ.