ಸೇಡಂ ರಸ್ತೆಯ ಸ್ಟೇರಿಂಗ್ ಅಂಗಡಿ: ಡ್ರಿಫ್ಟಿಂಗ್ ಕಲಿಯೋಕೆ ಹೋಗಬಹುದಾ?

ಅರ್ಧ ಗಂಟೆಗೆ ಇನ್ನೂರು ರೂಪಾಯಿ. ಆ ದುಡ್ಡಿಗೆ ಒಂದು ಬಕೆಟ್ ಸೀಟು, ಮೂರು ಸ್ಕ್ರೀನು, ಮೂರು ಪೆಡಲ್, ಗೇರ್ ಲಿವರ್, ಪಕ್ಕದಲ್ಲಿ ಉದ್ದನೆಯ ಹ್ಯಾಂಡ್ ಬ್ರೇಕ್ ಸಿಗುತ್ತವೆ. ಕಲಬುರಗಿಯ ಸೇಡಂ ರಸ್ತೆಯ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿರುವ ಈ ಜಾಗಕ್ಕೆ ಇನ್ನೂ ಬೋರ್ಡ್ ಹಾಕಿಲ್ಲ. ಹುಡುಗರು ಸ್ಟೇರಿಂಗ್ ಅಂಗಡಿ ಅಂತಾರೆ. ಕಾರ್ ಸಿಮ್ಯುಲೇಟರ್ ಸೆಂಟರ್ ಅದು. ರೇಸ್ ಬೇಕಾದವರು ರೇಸ್ ಆಡಬಹುದು. ನಾನು ಹೋಗೋದು ಡ್ರಿಫ್ಟಿಂಗ್‌ಗಾಗಿ, ಬರೆಯೋದೂ ಅದರ ಬಗ್ಗೆಯೇ. ತಿರುವಿನಲ್ಲಿ ಗಾಡಿಯ ಹಿಂಭಾಗವನ್ನು ಬೇಕಂತಲೇ ಜಾರಿಸಿ, ಅಡ್ಡವಾಗಿ ಓಡಿಸೋ ಆಟ ಅದು.

ನಾನು ವೀಲ್ ಅಲೈನ್‌ಮೆಂಟ್ ಕೆಲಸದವನು. ಕ್ಯಾಂಬರ್, ಕ್ಯಾಸ್ಟರ್, ಟೋ ಅನ್ನೋ ಚಕ್ರದ ಕೋನಗಳನ್ನು ನೋಡೋದೇ ದಿನದ ದುಡಿಮೆ. ಹಾಗಾಗಿ ಇಂಥ ಜಾಗಕ್ಕೆ ಹೋದರೆ ನನ್ನ ಕಣ್ಣು ಮೊದಲು ಸ್ಕ್ರೀನಿಗೆ ಹೋಗೋದಿಲ್ಲ. ಸ್ಟೇರಿಂಗ್ ಕೈಯಲ್ಲಿ ಹೇಗೆ ತಿರುಗುತ್ತದೆ ಅನ್ನೋದನ್ನು ನೋಡ್ತೀನಿ.

ಇಲ್ಲಿರೋದು ಡೈರೆಕ್ಟ್ ಡ್ರೈವ್ ಸ್ಟೇರಿಂಗ್. ಅಂದರೆ ಮೋಟರಿನ ಶಾಫ್ಟಿಗೇ ಸ್ಟೇರಿಂಗ್ ಕೂರಿಸಿದ್ದಾರೆ, ನಡುವೆ ಗೇರ್ ಇಲ್ಲ, ಬೆಲ್ಟ್ ಇಲ್ಲ. ಡ್ರಿಫ್ಟಿಂಗ್‌ಗೆ ಇದು ಯಾಕೆ ಮುಖ್ಯ ಗೊತ್ತಾ? ಗಾಡಿಯ ಹಿಂಭಾಗ ಜಾರಿದ ಕೂಡಲೇ ಮುಂದಿನ ಚಕ್ರಗಳು ಗಾಡಿ ಹೋಗುತ್ತಿರುವ ದಿಕ್ಕಿಗೆ ತಾವೇ ತಿರುಗುತ್ತವೆ. ಕ್ಯಾಸ್ಟರ್, ಅಂದರೆ ಮುಂದಿನ ಚಕ್ರ ತಿರುಗುವ ಅಚ್ಚಿನ ಓರೆ, ಮಾಡೋ ಕೆಲಸ ಅದು. ಚಾಲಕ ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದು ತಿರುಗಿಸೋದಿಲ್ಲ. ಅಂಗೈಯಲ್ಲಿ ಜಾರೋಕೆ ಬಿಡ್ತಾನೆ, ಬೇಕಾದ ಜಾಗ ಬಂದಾಗ ಹಿಡಿಯುತ್ತಾನೆ. ಅಗ್ಗದ ಗೇರ್ ಸ್ಟೇರಿಂಗಿನಲ್ಲಿ ಮೋಟರು ಅಷ್ಟು ಬೇಗ ತಿರುಗೋದಿಲ್ಲ. ಅದು ತಿರುಗಿ ಮುಗಿಸೋ ಹೊತ್ತಿಗೆ ಗಾಡಿ ಗಿರಕಿ ಹೊಡೆದಿರುತ್ತದೆ. ಇಲ್ಲಿ ಆ ತೊಂದರೆ ಇಲ್ಲ. ಒಂದು ಎಚ್ಚರಿಕೆ ಮಾತ್ರ: ಹೆಬ್ಬೆರಳನ್ನು ಸ್ಟೇರಿಂಗಿನ ಒಳಗೆ ಸಿಕ್ಕಿಸಬೇಡಿ. ಮೋಟರಿಗೆ ಖರೇನೇ ಬಲ ಇದೆ, ಬೆರಳು ಉಳುಕುತ್ತದೆ.

ಮಷಿನ್ ಚೊಲೋ ಇದೆ. ಆದರೆ ನಾನು ಮತ್ತೆ ಮತ್ತೆ ಹೋಗೋದಕ್ಕೆ ಕಾರಣ ಅಲ್ಲಿನ ಮಾಲೀಕ ಆಡಿಸುವ ರೀತಿ.

ಇಲ್ಲಿ ಆಡಿಸೋ ಅಸೆಟ್ಟೊ ಕೊರ್ಸಾ ಅನ್ನೋ ಕಾರ್ ಗೇಮಿನಲ್ಲಿ ಡ್ರಿಫ್ಟ್ ಮೋಡ್ ಇದೆ. ಜಾರಿದಷ್ಟು ಹೊತ್ತು ಅಂಕ ಏರುತ್ತಾ ಹೋಗುತ್ತದೆ. ಈ ಮನುಷ್ಯ ಅದನ್ನು ಹಾಕೋದೇ ಇಲ್ಲ. ಜಪಾನಿನ ಎಬಿಸು ಟ್ರ್ಯಾಕ್ ಹಾಕಿ, ಮೊದಲು ಒಂದು ಹಾಳೆಯ ಮೇಲೆ ತಿರುವಿನ ಚಿತ್ರ ಬರೆಯುತ್ತಾರೆ. ಇಲ್ಲಿ ಗಾಡಿ ಅಡ್ಡ ಆಗಬೇಕು. ಈ ಒಳಗಿನ ಗುರುತಿಗೆ ಮುಂದಿನ ಬಂಪರ್ ತಾಗುವಷ್ಟು ಹತ್ತಿರ ಬರಬೇಕು. ಈ ಹೊರಗಿನ ಜಾಗವನ್ನು ಹಿಂದಿನ ಬಂಪರ್ ತುಂಬಬೇಕು. ಇವಕ್ಕೆ ಕ್ಲಿಪ್ಪಿಂಗ್ ಪಾಯಿಂಟ್ ಅಂತಾರೆ. ಆಮೇಲೆ ಓಡಿಸಬೇಕು. ಮುಗಿದ ಮೇಲೆ ರೀಪ್ಲೇ ಹಾಕಿ, ಆ ಹಾಳೆಯನ್ನು ಪಕ್ಕದಲ್ಲಿಟ್ಟು, ಲೈನ್ (ಗುರುತು ಹಾಕಿದ ದಾರಿ) ಎಷ್ಟು, ಆ್ಯಂಗಲ್ (ಗಾಡಿ ಅಡ್ಡ ಆದ ಕೋನ) ಎಷ್ಟು, ಸ್ಟೈಲ್ ಎಷ್ಟು ಅಂತ ಪೆನ್ನಿನಲ್ಲಿ ಬರೆದುಕೊಡುತ್ತಾರೆ. ಅಮೆರಿಕದ ಫಾರ್ಮುಲಾ ಡ್ರಿಫ್ಟ್ ಅನ್ನೋ ಡ್ರಿಫ್ಟಿಂಗ್ ಸ್ಪರ್ಧೆಯಲ್ಲಿ ಅರ್ಹತಾ ಸುತ್ತಿನ ಅಂಕ ನೋಡುತ್ತಾ ಬಂದದ್ದೂ ಇದೇ ಮೂರರಿಂದ.

ಇದನ್ನು ನಾನು ಇಷ್ಟು ಬಿಡಿಸಿ ಹೇಳೋಕೆ ಕಾರಣ ಇದೆ. ನಮ್ಮ ಅಂಗಡಿಯ ಪಕ್ಕದಲ್ಲಿ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ. ಎಲ್ಲರೂ ಉಸ್ತಾದ್ ಅಂತಲೇ ಕರೆಯೋದು. ಅಂಬಾಸಿಡರ್ ಕಾಲದಿಂದ ಎಂಜಿನ್ ಬಿಚ್ಚಿದವರು. ಅವರನ್ನು ಒಂದು ಭಾನುವಾರ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ನೋಡಿದರು, ಚಹಾ ಕುಡಿದರು, ಆಮೇಲೆ ಅಂದರು: "ಯಾರ್ ಮೊದ್ಲ ಬಂದ್ರು ಅಂತ ಗಡಿಯಾರ ಹೇಳಂಗಿಲ್ಲ ಅಂದ್ರ ಅದು ರೇಸ್ ಹ್ಯಾಂಗ ಆಯ್ತಪಾ? ಸರ್ಕಸ್ ಅದು."

"ಉಸ್ತಾದ್, ಮಲ್ಲಕಂಬಕ್ಕ ಗಡಿಯಾರ ಅದ ಏನ್ರೀ?" ಅಂತ ಕೇಳಿದೆ.

ಅವರು ಸುಮ್ಮನಾಗಲಿಲ್ಲ. ಸುಮ್ಮನಾಗೋ ಮನುಷ್ಯ ಅಲ್ಲ ಅವರು. ಅವರ ಮಾತಿನಲ್ಲೂ ಹುರುಳಿದೆ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಡಾಂಬರಿನ ಮೇಲೆ ಜಾರುವ ಗಾಡಿ, ಟೈರ್ ಹಿಡಿತ ಬಿಡದೆ ಓಡುವ ಗಾಡಿಗಿಂತ ನಿಧಾನ. ಅಂಕ ಕೊಡೋರು ಮನುಷ್ಯರು, ಮನುಷ್ಯರ ಕಣ್ಣು ಬೇರೆ ಬೇರೆ. ಇವೆರಡೂ ನಿಜ. ಆದರೆ ಮಲ್ಲಕಂಬ, ಜಿಮ್ನಾಸ್ಟಿಕ್ಸ್, ಡೈವಿಂಗ್ ಎಲ್ಲದರಲ್ಲೂ ಕಣ್ಣೇ ತೀರ್ಪು ಕೊಡೋದು. ಕಂಬದ ಮೇಲೆ ಎರಡು ಕಾಲು ಬಿಗಿದು ತಲೆಕೆಳಗಾಗಿ ನಿಂತ ಹುಡುಗನನ್ನು ಯಾರಾದರೂ ಕ್ರೀಡಾಪಟು ಅಲ್ಲ ಅಂತಾರಾ? ಡ್ರಿಫ್ಟಿಂಗ್ ಮೋಟರ್‌ಸ್ಪೋರ್ಟ್ ಹೌದೋ ಅಲ್ಲವೋ ಅನ್ನೋದನ್ನು ತೀರ್ಮಾನಿಸೋಕೆ ಗಡಿಯಾರ ಬೇಕಿಲ್ಲ. ಇಂಥ ಜಾಗಕ್ಕೆ ಗಾಡಿ ತರ್ತೀನಿ ಅಂತ ಮೊದಲೇ ಒಪ್ಪಿಕೊಂಡು, ಆ ವೇಗದಲ್ಲಿ ಅಲ್ಲಿಗೇ ತಂದನಾ, ಮತ್ತೊಮ್ಮೆ ತಂದನಾ ಅನ್ನೋದು ಮುಖ್ಯ. ಆ ಹಾಳೆಯ ಕೆಲಸ ಅದೇ.

ಇನ್ನೂ ದೊಡ್ಡ ಉತ್ತರ ಟ್ಯಾಂಡಮ್‌ನಲ್ಲಿದೆ. ಅರ್ಹತಾ ಸುತ್ತು ಮುಗಿದ ಮೇಲೆ ಇಬ್ಬಿಬ್ಬರು ಜೊತೆಯಾಗಿ ಓಡುತ್ತಾರೆ. ಮುಂದಿನವನು ಹೇಳಿದ ಲೈನಿನಲ್ಲಿ ಹೋಗಬೇಕು. ಹಿಂದಿನವನು ಅವನಷ್ಟೇ ಅಡ್ಡ ಆಗಿ, ಅವನ ಬಾಗಿಲಿಗೆ ಅಂಟಿಕೊಂಡ ಹಾಗೆ ಹಿಂಬಾಲಿಸಬೇಕು. ಆಮೇಲೆ ಜಾಗ ಬದಲು. ಸಮ ಅನ್ನಿಸಿದರೆ ಮತ್ತೊಮ್ಮೆ ಓಡಬೇಕು. ಇಲ್ಲಿ ಎದುರಾಳಿ ಇದ್ದಾನೆ, ಸೋಲು ಗೆಲುವು ಇದೆ, ಒಂದು ಕ್ಷಣ ಗ್ಯಾಸ್ ಬಿಟ್ಟರೆ ಮನೆಗೆ. ಈ ಅಂಗಡಿಯಲ್ಲಿ ಎರಡು ಸೀಟು ಇವೆ, ಜೋಡಿಸಿ ಟ್ಯಾಂಡಮ್ ಆಡಿಸ್ತಾರೆ. ಹಿಂದಿನ ಗಾಡಿಯಲ್ಲಿ ಕೂತರೆ ಹೊಗೆ ತುಂಬಿಕೊಂಡು ಮುಂದಿನ ಗಾಡಿಯ ಹಿಂದಿನ ದೀಪ ಮಾತ್ರ ಕಾಣುತ್ತದೆ. ಉಸ್ತಾದ್ ಒಮ್ಮೆ ಆ ಸೀಟಿನಲ್ಲಿ ಕೂರಲಿ ಅಂತ ನನ್ನ ಆಸೆ. ನಮ್ಮ ವಾದ ಇನ್ನೂ ಮುಗಿದಿಲ್ಲ.

ಇದು ಬೀದಿ ಹುಡುಗರ ಆಟ ಅನ್ನೋರಿಗೂ ಒಂದು ಮಾತು. ಈ ಶೈಲಿಗೆ ದಾರಿ ಹಾಕಿದವರು ಜಪಾನಿನ ಕುನಿಮಿತ್ಸು ತಕಾಹಾಶಿ. 1961ರಲ್ಲಿ ಹೋಂಡಾ ಬೈಕಿನಲ್ಲಿ ಪಶ್ಚಿಮ ಜರ್ಮನಿಯ 250 ಸಿಸಿ ಗ್ರಾಂಪ್ರಿ ಗೆದ್ದವರು, ಆಮೇಲೆ ಕಾರ್ ರೇಸಿಗೆ ಬಂದರು. ತಿರುವಿನಲ್ಲಿ ಅವರು ಗಾಡಿ ಜಾರಿಸೋದನ್ನು ನೋಡಿ ಕಲಿತವರು ಕೇಯಿಚಿ ತ್ಸುಚಿಯಾ. ಬೆಟ್ಟದ ರಸ್ತೆಗಳಲ್ಲಿ ಅಭ್ಯಾಸ ಮಾಡಿ ಡ್ರಿಫ್ಟ್ ಕಿಂಗ್ ಅನ್ನಿಸಿಕೊಂಡರು. ಈ ಇಬ್ಬರೂ 1995ರಲ್ಲಿ ಒಂದೇ ಹೋಂಡಾ ಎನ್ಎಸ್ಎಕ್ಸ್‌ನಲ್ಲಿ ಲೆ ಮಾನ್ಸ್ 24 ಗಂಟೆ ರೇಸ್ ಓಡಿಸಿ ತಮ್ಮ ವಿಭಾಗ ಗೆದ್ದರು. ಗಡಿಯಾರದ ರೇಸಿನಲ್ಲೇ ಗೆದ್ದವರು ಈ ಆಟ ಬೆಳೆಸಿದ್ದಾರೆ. ಅಮೆರಿಕದಲ್ಲಿ ಫಾರ್ಮುಲಾ ಡ್ರಿಫ್ಟ್ 2004ರಿಂದ ನಡೆಯುತ್ತಿದೆ. ಫಾರ್ಮುಲಾ ಒನ್ ನಡೆಸೋ ಎಫ್ಐಎ ಸಂಸ್ಥೆಯೇ 2017ರಲ್ಲಿ ಟೋಕಿಯೋದಲ್ಲಿ ಡ್ರಿಫ್ಟಿಂಗ್ ಕಪ್ ನಡೆಸಿತು. ಗೆದ್ದದ್ದು ಮಸಾಟೊ ಕವಾಬಾಟಾ. ಅದೇ ಮನುಷ್ಯ 2016ರಲ್ಲಿ ಗಂಟೆಗೆ 304.96 ಕಿಲೋಮೀಟರ್ ವೇಗದಲ್ಲಿ ಡ್ರಿಫ್ಟ್ ಮಾಡಿ ಗಿನ್ನೆಸ್ ದಾಖಲೆ ಬರೆದಿದ್ದರು. ನಮ್ಮ ದೇಶದಲ್ಲಿ ಮೋಟರ್‌ಸ್ಪೋರ್ಟ್‌ಗೆ ಮೊದಲ ಅರ್ಜುನ ಪ್ರಶಸ್ತಿ ಸಿಕ್ಕಿದ್ದೇ 2019ರಲ್ಲಿ, ರ‍್ಯಾಲಿ ಚಾಲಕ ಗೌರವ್ ಗಿಲ್ ಅವರಿಗೆ. ರ‍್ಯಾಲಿಗೇ ಅಷ್ಟು ತಡ ಆದರೆ, ಡ್ರಿಫ್ಟಿಂಗನ್ನು ಜನ ಒಪ್ಪೋಕೆ ಇನ್ನೂ ಸಮಯ ಬೇಕು. ಬೇಜಾರಿಲ್ಲ.

ಬೇಜಾರಿರೋದು ನಮ್ಮ ರಿಂಗ್ ರೋಡಿನಲ್ಲಿ ರಾತ್ರಿ ನಡೆಯೋದರ ಬಗ್ಗೆ. ಹ್ಯಾಂಡ್ ಬ್ರೇಕ್ ಎಳೆದು ಗಾಡಿ ತಿರುಗಿಸಿ, ವಿಡಿಯೋ ಹಾಕಿ, ಡ್ರಿಫ್ಟ್ ಅಂತ ಹೆಸರಿಡ್ತಾರೆ. ಆ ಗಾಡಿಗಳು ಆಮೇಲೆ ನನ್ನ ಹತ್ತಿರವೇ ಬರೋದು, ಸ್ಪೀಡಿನಲ್ಲಿ ಹಿಂದೆ ದಡದಡ ಅಂತದೆ ಅಂತ. ಚಕ್ರ ಬಿಚ್ಚಿದರೆ ಹಿಂದಿನ ಟೈರ್ ಒಂದೇ ಕಡೆ ಸವೆದು ಚಪ್ಪಟೆ ಆಗಿರುತ್ತದೆ. ಬ್ಯಾಲೆನ್ಸಿಂಗ್ ಮಾಡಿದರೂ ಹೋಗೋದಿಲ್ಲ. ನಮ್ಮಲ್ಲಿ ಓಡೋ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರದಿಂದ ಎಳೆಯುವ ಗಾಡಿಗಳು. ಹ್ಯಾಂಡ್ ಬ್ರೇಕ್ ಎಳೆದರೆ ಹಿಂಭಾಗ ಜಾರುತ್ತದೆ, ಅಷ್ಟೇ. ಗ್ಯಾಸ್ ಕೊಟ್ಟು ಆ ಜಾರಿಕೆಯನ್ನು ಉಳಿಸಿಕೊಳ್ಳೋಕೆ ಹಿಂದಿನ ಚಕ್ರಕ್ಕೆ ಎಂಜಿನ್ ಬಲ ಬೇಕು. ಅದಿಲ್ಲದೆ ಅದು ಡ್ರಿಫ್ಟಿಂಗ್ ಅಲ್ಲ. ಅಲ್ಲಿ ಲೈನ್ ಇಲ್ಲ, ತೀರ್ಪು ಇಲ್ಲ. ಎದುರಿಗೆ ಬರೋನು ಹಾಲಿನ ಗಾಡಿಯವನು. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಆಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಜೈಲೂ ಆಗಬಹುದು. ಇಂಥ ಹುಡುಗರಿಗೆ ನಾನೀಗ ಅಲೈನ್‌ಮೆಂಟ್ ಬಿಲ್ಲಿನ ಜೊತೆಗೆ ಈ ಅಂಗಡಿಯ ದಾರಿಯನ್ನೂ ಹೇಳಿ ಕಳಿಸ್ತೀನಿ. ಕಾಯಂ ರೇಸ್ ಟ್ರ್ಯಾಕ್ ಬೇಕಂದರೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆ, ಕೊಯಮತ್ತೂರಿನಂಥ ದೂರದ ಊರಿಗೆ ಹೋಗಬೇಕು. ಕಲಬುರಗಿಯ ಹುಡುಗ ಎಲ್ಲಿಂದ ಹೋಗ್ತಾನೆ?

ಇನ್ನು ಕೊರತೆಗಳು. ಎರಡನೇ ಸೀಟಿನಲ್ಲಿ ಸ್ಟೇರಿಂಗಿನ ಬಲವನ್ನು ಪೂರ್ತಿ ಏರಿಸಿಟ್ಟಿದ್ದಾರೆ. ಗಟ್ಟಿ ಅನ್ನಿಸುತ್ತದೆ, ಹುಡುಗರಿಗೆ ಖುಷಿ. ಆದರೆ ಎಲ್ಲ ಬಲವೂ ಒಂದೇ ಮಟ್ಟಕ್ಕೆ ಹೋಗಿ ನಿಂತರೆ, ಟೈರ್ ಹಿಡಿತ ಬಿಡೋ ಆ ಸಣ್ಣ ಬದಲಾವಣೆ ಕೈಗೆ ತಿಳಿಯೋದಿಲ್ಲ. ಇಳಿಸೋಕೆ ಹೇಳಿ, ಇಳಿಸ್ತಾರೆ. ಮಾಲೀಕ ಇಲ್ಲದಾಗ ಕೂರೋ ಹುಡುಗ ಹೊಸಬರಿಗೂ ಸಾವಿರ ಕುದುರೆ ಶಕ್ತಿಯ ಗಾಡಿ ಹಾಕಿಕೊಡ್ತಾನೆ. ಗ್ಯಾಸ್ ಮುಟ್ಟಿದರೆ ಗಿರಕಿ, ಇನ್ನೂರು ರೂಪಾಯಿ ಹಾಳು. ಟೊಯೊಟಾ ಎಇ86 ಕೇಳಿ ಹಾಕಿಸಿಕೊಳ್ಳಿ. ಸುಮಾರು 130 ಕುದುರೆ ಶಕ್ತಿ, ಹಿಂದಿನ ಚಕ್ರಕ್ಕೆ ಎಂಜಿನ್ ಬಲ ಹೋಗೋ ಗಾಡಿ. ಬಲ ಕಡಿಮೆ ಇರೋದರಿಂದ ಭಾರವನ್ನು ಆಚೆ ಈಚೆ ಹಾಕಿ ಜಾರಿಸೋದನ್ನು ಕಲಿಯಲೇಬೇಕಾಗುತ್ತದೆ. ಎರಡನೇ ಗೇರು, ಮೆಲ್ಲಗೆ ಕ್ಲಚ್ ಒದೆಯಿರಿ (ಒತ್ತಿ ಥಟ್ಟನೆ ಬಿಡೋದು), ಕಣ್ಣು ಬಾನೆಟ್ ಮೇಲೆ ಬೇಡ, ಹೋಗಬೇಕಾದ ಕಡೆ ಇರಲಿ.

ಮೇ ತಿಂಗಳ ಮಧ್ಯಾಹ್ನ ಹೋಗಬೇಡಿ. ಒಂದೇ ಎಸಿ, ಎರಡು ಕಂಪ್ಯೂಟರಿನ ಬಿಸಿ, ಮೇಲೆ ನಮ್ಮೂರಿನ ಬಿಸಿಲು. ಕೈ ಬೆವತರೆ ಸ್ಟೇರಿಂಗ್ ಹಿಡಿಯೋಕೆ ಆಗಲ್ಲ. ಬೆಳಿಗ್ಗೆ ಹನ್ನೊಂದರೊಳಗೆ ಹೋದರೆ ಜನವೂ ಕಡಿಮೆ, ಮಾಲೀಕರೂ ಇರ್ತಾರೆ.

ಸೀಟು ಅಲುಗಾಡದ ಇಂಥ ಸಿಮ್ಯುಲೇಟರ್ ಕೊಡಲಾಗದ ಒಂದು ಸಂಗತಿ ಇದೆ. ನಿಜವಾದ ಗಾಡಿಯಲ್ಲಿ ಹಿಂಭಾಗ ಜಾರೋದು ಮೊದಲು ಸೊಂಟಕ್ಕೆ ಗೊತ್ತಾಗುತ್ತದೆ, ಆಮೇಲೆ ಕೈಗೆ, ಕೊನೆಗೆ ಕಣ್ಣಿಗೆ. ಇಲ್ಲಿ ಸೊಂಟಕ್ಕೆ ಏನೂ ತಿಳಿಯಲ್ಲ. ಭಯವೂ ಇಲ್ಲ. ಗೋಡೆಗೆ ಗುದ್ದಿದರೆ ಒಂದು ಬಟನ್ ಒತ್ತಿದರಾಯ್ತು. ಹಾಗಾಗಿ ಇಲ್ಲಿ ಕಲಿತವನು ಟ್ರ್ಯಾಕಿಗೆ ಹೋದರೆ ಒಂದಿಷ್ಟನ್ನು ಹೊಸದಾಗಿ ಕಲಿಯಬೇಕು. ಆದರೆ ಲೈನ್ ನೋಡೋದು, ಸ್ಟೇರಿಂಗ್ ಬಿಟ್ಟು ಹಿಡಿಯೋದು, ಹ್ಯಾಂಡ್ ಬ್ರೇಕ್ ಎಳೆಯೋ ಹೊತ್ತು, ಇವು ಇಲ್ಲೇ ಕೈಗೆ ಬರುತ್ತವೆ. ಟೈರ್ ಖರ್ಚಿಲ್ಲದೆ ಬರುತ್ತವೆ ಅನ್ನೋದು ಟೈರ್ ಅಂಗಡಿಗಳ ನಡುವೆ ಬದುಕೋ ನನಗೆ ಚೆನ್ನಾಗಿ ಗೊತ್ತು.

ಐದಕ್ಕೆ ನಾಲ್ಕು ಕೊಡ್ತೀನಿ. ಕಡಿಮೆ ಮಾಡಿದ್ದರಲ್ಲಿ ಅರ್ಧ ಎಸಿಗೆ, ಅರ್ಧ ಪೆಡಲ್ ಪ್ಲೇಟಿಗೆ. ಕ್ಲಚ್ ಜೋರಾಗಿ ಒದ್ದರೆ ಆ ತೆಳು ತಗಡು ಬಾಗುತ್ತದೆ, ಕಾಲು ತಪ್ಪುತ್ತದೆ. ಕಪನೂರು ಕೈಗಾರಿಕಾ ಪ್ರದೇಶಕ್ಕೆ ಒಯ್ದು ಕೆಳಗೆ ಎರಡು ದಪ್ಪ ಕಬ್ಬಿಣದ ಆ್ಯಂಗಲ್ ಪಟ್ಟಿ ವೆಲ್ಡಿಂಗ್ ಮಾಡಿಸಿದರೆ ಸರಿಹೋಗುತ್ತದೆ. ಮಾಲೀಕರಿಗೆ ಅಳತೆ ಬರೆದುಕೊಟ್ಟಿದ್ದೀನಿ.