ಎಚ್‌ಎಎಲ್ ವಸ್ತುಸಂಗ್ರಹಾಲಯ: ಜನಸಾಮಾನ್ಯರಿಗೂ ತೆರೆದ ಬಾಗಿಲು

ಸೇನಾ ಆವರಣಗಳ ಮೈದಾನ, ಈಜುಕೊಳಗಳೆಲ್ಲ ಬಹುಮಟ್ಟಿಗೆ ಸೈನಿಕ ಕುಟುಂಬಗಳಿಗೇ ಮೀಸಲಾಗಿರುವ ಬೆಂಗಳೂರಿನಲ್ಲಿ, ವಿಮಾನ ತಯಾರಿಸುವ ರಕ್ಷಣಾ ಉದ್ದಿಮೆ ಎಚ್‌ಎಎಲ್ (ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್) ಟಿಕೆಟ್ ಕೊಂಡ ಯಾರನ್ನಾದರೂ ಒಳಗೆ ಬಿಡುವ ಈ ವಸ್ತುಸಂಗ್ರಹಾಲಯವು 2001ರಿಂದ ಆ ಕೊರತೆಯನ್ನು ಒಂದಿಷ್ಟು ತುಂಬಿದೆ. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಇದೇ ಊರಿನಲ್ಲಿ ರೂಪುಗೊಂಡು 1961ರಲ್ಲಿ ಮೊದಲ ಬಾರಿಗೆ ಹಾರಿದ ಮಾರುತ್ ಯುದ್ಧವಿಮಾನದ ಪಕ್ಕದಲ್ಲೇ ನಿಂತು, ಕಾಕ್‌ಪಿಟ್‌ನ ಎರಡೂ ಬದಿಯ ಅರ್ಧವೃತ್ತಾಕಾರದ ಗಾಳಿದ್ವಾರಗಳನ್ನೂ ಮೈತುಂಬ ಸಾಲುಗಟ್ಟಿದ ರಿವೆಟ್‌ಗಳನ್ನೂ ಸಾವಕಾಶವಾಗಿ ಗಮನಿಸಬಹುದು. ನನ್ನ ಮಟ್ಟಿಗೆ ಎಂಜಿನ್‌ಗಳ ವಿಭಾಗವೇ ಎಲ್ಲಕ್ಕಿಂತ ಮೇಲು. ಮಕ್ಕಳು ಮಾತ್ರ ವಿಮಾನ ಹಾರಿಸುವ ಅನುಭವ ಕೊಡುವ ಸಿಮ್ಯುಲೇಟರ್ ಬಿಟ್ಟು ಕದಲುವುದಿಲ್ಲ. ಸಮೀಪದ ರನ್‌ವೇ ಇಂದಿಗೂ ಬಳಕೆಯಲ್ಲಿರುವುದರಿಂದ ವಿಮಾನಗಳ ಸದ್ದಿಗೆ ಆಗಾಗ ಮಾತು ನಿಲ್ಲಿಸಬೇಕಾಗುತ್ತದೆ, ಅದೂ ಒಂದು ಸೊಗಸೇ. ಹೊರಾಂಗಣದ ವಿಮಾನಗಳನ್ನು ಬಿಸಿಲೇರುವ ಮುನ್ನವೇ ನೋಡಿ ಮುಗಿಸುವುದು ಒಳ್ಳೆಯದು.