ಮೂರು ಥರದ ರಿಟೇನರ್, ಒಂದೇ ಮನೆ: ಯಾವುದು ಎಷ್ಟು ದಿನ ಬರುತ್ತೆ?

ಹಲ್ಲಿಗೆ ಕ್ಲಿಪ್ ಹಾಕಿಸುವಾಗ ಎಲ್ಲರೂ ಕ್ಲಿಪ್ ಬಗ್ಗೆನೇ ಕೇಳುತ್ತಾರೆ. ನೋವಾಗುತ್ತಾ, ಎಷ್ಟು ದುಡ್ಡು, ಮದುವೆ ಹೊತ್ತಿಗೆ ತೆಗೀತಾರಾ. ತೆಗೆದ ಮೇಲೆ, ಹಲ್ಲು ಮತ್ತೆ ಹಳೇ ಜಾಗಕ್ಕೆ ಜರುಗದಂತೆ ಹಿಡಿದಿಡೋಕೆ ಕೊಡುವ ರಿಟೇನರ್ ಬಗ್ಗೆ ಒಬ್ಬರೂ ಕೇಳಲ್ಲ. ಆದರೆ ವರ್ಷಗಟ್ಟಲೆ ಜೊತೆಗಿರೋದು ಅದೇ. ನಮ್ಮ ಮನೆಯಲ್ಲಿ ಈಗ ಮೂರು ಥರದ್ದೂ ಇವೆ. ನನಗೆ ಮೇಲಿನ ಸಾಲಿಗೆ ಪಾರದರ್ಶಕ ಪ್ಲಾಸ್ಟಿಕ್ಕಿನದು, ಕೆಳಗಿನ ಹಲ್ಲುಗಳ ಒಳಮೈಗೆ ಅಂಟಿಸಿದ ತಂತಿ. ಅಕ್ಕನ ಮಗನಿಗೆ ಹಾವ್ಲೀ ಪ್ಲೇಟ್. ಮೂರೂ ಬೇರೆ ಬೇರೆ ರೀತಿಯಲ್ಲಿ ಹಾಳಾಗುತ್ತವೆ, ಅದನ್ನೇ ಬರೀತಿದ್ದೀನಿ.

ಇದು ಯಾಕೆ ಬೇಕು ಅನ್ನೋರಿಗೆ ಎರಡು ಮಾತು. ಹಲ್ಲಿನ ಬೇರಿಗೂ ದವಡೆ ಮೂಳೆಗೂ ನಡುವೆ ಸಣ್ಣ ಸಣ್ಣ ನಾರುಗಳಿರುತ್ತವೆ. ಕ್ಲಿಪ್ ತೆಗೆದ ಮೇಲೆ ಅವು ಹೊಸ ಜಾಗಕ್ಕೆ ಒಗ್ಗೋಕೆ ಮೂರ್ನಾಲ್ಕು ತಿಂಗಳು ಬೇಕು, ವಸಡಿನೊಳಗಿನ ಎಳೆಗಳಿಗೆ ಒಂದು ವರ್ಷಕ್ಕೂ ಜಾಸ್ತಿ ಹಿಡಿಯಬಹುದು. ಅದು ಸಾಲದು ಅಂತ, ಕ್ಲಿಪ್ಪನ್ನೇ ಹಾಕಿಸದವರಿಗೂ ವಯಸ್ಸಾಗುತ್ತಾ ಕೆಳಗಿನ ಮುಂದಿನ ಹಲ್ಲುಗಳು ಒತ್ತೊತ್ತಾಗುತ್ತವೆ. ಹಾಗಾಗಿ "ಎಷ್ಟು ವರ್ಷ ಹಾಕ್ಕೋಬೇಕು" ಅಂದ್ರೆ ಡಾಕ್ಟರು ನಕ್ಕು ಸುಮ್ಮನಾಗುತ್ತಾರೆ.

ಮೊದಲು ಪಾರದರ್ಶಕದ್ದು. ಇದನ್ನು ಅಮೆರಿಕದ ಲೂಸಿಯಾನಾದ ಜಾನ್ ಶೆರಿಡನ್ ಅನ್ನೋ ಡಾಕ್ಟರು 1993ರಲ್ಲಿ ಎಸ್ಸಿಕ್ಸ್ ಅನ್ನೋ ಹೆಸರಲ್ಲಿ ತಂದರು. ಸುಮಾರು ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ, ನಿಮ್ಮ ಹಲ್ಲಿನ ಅಚ್ಚಿನ ಮೇಲೆ ಗಾಳಿ ಎಳೆದು ಕೂರಿಸುತ್ತಾರೆ. ಹಾಗೆ ಎಳೆದಾಗ ಹಾಳೆ ಹಿಗ್ಗುತ್ತೆ, ಹಿಗ್ಗಿದ ಕಡೆ ತೆಳ್ಳಗಾಗುತ್ತೆ. ಅದಕ್ಕೇ ಹಲ್ಲಿನ ತುದಿಗಳಲ್ಲಿ, ದವಡೆ ಹಲ್ಲಿನ ಗುಬುಟುಗಳ ಮೇಲೆ ಮೊದಲು ತೂತು ಬೀಳೋದು. ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದ್ದರೆ ಕೆಲವೇ ತಿಂಗಳಲ್ಲಿ ಮುಗೀತು. ಇಲ್ಲದಿದ್ದರೆ, ರಾತ್ರಿ ಮಾತ್ರ ಹಾಕುವವರಿಗೆ ಒಂದೆರಡು ವರ್ಷ ಆರಾಮಾಗಿ ಬರುತ್ತೆ, ಇಡೀ ದಿನ ಹಾಕಿದರೆ ಅಷ್ಟಿಲ್ಲ.

ಬಿರುಕು ಎಲ್ಲಿಂದ ಶುರುವಾಗುತ್ತೆ ಅಂತ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ನನ್ನದರಲ್ಲಿ ಬಲಗಡೆ ಕೊನೆಯ ಹಲ್ಲಿನ ಅಂಚಿನಲ್ಲಿ ಒಂದು ಬಿಳಿ ಗೆರೆ, ಕೂದಲೆಳೆಯಷ್ಟು. ಪ್ರತಿ ಬೆಳಿಗ್ಗೆ ಅದೇ ಕಡೆ ಉಗುರು ಹಾಕಿ ಎಳೆಯೋದು ಅಲ್ವಾ, ಪ್ಲಾಸ್ಟಿಕ್ ಒಂದೇ ಜಾಗದಲ್ಲಿ ಬಾಗಿ ಬಾಗಿ ಸುಸ್ತಾಗಿರುತ್ತೆ. ಎರಡೂ ಕಡೆ ಹಿಂದಿನಿಂದ ಸ್ವಲ್ಪ ಸ್ವಲ್ಪ ಬಿಡಿಸಿಕೊಂಡು ತೆಗೆದರೆ ಈ ಬಿರುಕು ಬರೋದು ತುಂಬಾ ತಡ.

ಇನ್ನೊಂದು ಶತ್ರು ಬಿಸಿ. ಈ ಹಾಳೆಗಳಲ್ಲಿ ಬಹಳಷ್ಟು ಪಿಇಟಿಜಿ ಪ್ಲಾಸ್ಟಿಕ್, ಅದು 80 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತೆ. ಕುದಿಯೋ ನೀರು ಹಾಕಿದ್ರೆ ಶುದ್ಧವಾಗುತ್ತೆ ಅಂತ ಹಾಕಿದವರ ರಿಟೇನರ್ ಮತ್ತೆ ಹಲ್ಲಿಗೆ ಕೂರಲ್ಲ. ಕಣ್ಣಿಗೆ ಆಕಾರ ಸರಿಯಾಗಿಯೇ ಕಾಣುತ್ತೆ, ಬಾಯಿಗೆ ಹಾಕಿದ ಮೇಲೇ ತಿಳಿಯೋದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಡಬ್ಬಿ ಬಿಟ್ಟು ಹೋಗೋದೂ ಬೇಡ. ಇದನ್ನು ಹಾಕ್ಕೊಂಡು ಫಿಲ್ಟರ್ ಕಾಫಿ ಕುಡಿಯೋದಂತೂ ಎರಡು ಕಡೆಯಿಂದ ನಷ್ಟ, ಬಿಸಿಯೂ ತಾಗುತ್ತೆ, ಬಣ್ಣವೂ ಹಿಡಿಯುತ್ತೆ. ಅರಿಶಿನ ಇನ್ನೂ ಜಾಸ್ತಿ. ಚಿತ್ರಾನ್ನ ತಿಂದು ಬಾಯಿ ಮುಕ್ಕಳಿಸದೆ ಹಾಕ್ಕೊಂಡು ನೋಡಿ, ಸಂಜೆಗೆ ಹಳದಿ.

ಟೂತ್‌ಪೇಸ್ಟ್ ಹಾಕಿ ಉಜ್ಜಬೇಡಿ. ಗೀರು ಬೀಳುತ್ತೆ, ಗೀರಿನಲ್ಲಿ ಪಾಚಿ ಕೂರುತ್ತೆ, ಆಮೇಲೆ ವಾಸನೆ. ತಣ್ಣೀರು, ಮೆತ್ತನೆ ಬ್ರಷ್, ಒಂದು ಹನಿ ಕೈ ತೊಳೆಯೋ ಸೋಪು ಸಾಕು. ಕಟ್ಟುಹಲ್ಲಿಗೆ ಅಂತ ಮಾರುವ ಕ್ಲಿನ್ಸೋಡೆಂಟ್ ಥರದ ಪುಡಿ ಆಗಾಗ ಹಾಕ್ತೀನಿ. ಬೋರ್‌ವೆಲ್ ನೀರಲ್ಲಿ ನೆನೆಸಿಟ್ಟರೆ ಗೀಸರ್ ಕಾಯಿಲ್ ಮೇಲೆ ಬರೋ ಅದೇ ಬಿಳಿ ಪೊರೆ ಇದರ ಮೇಲೂ ಬರುತ್ತೆ. ನೀರು ಬೆರೆಸಿದ ಬಿಳಿ ವಿನೆಗರ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟು ತೊಳೆದರೆ ಹೋಗುತ್ತೆ. ಇಷ್ಟೆಲ್ಲ ಮಾಡಿದರೂ ಎಷ್ಟೋ ರಿಟೇನರ್ ಸಾಯೋದು ಹೋಟೆಲಿನಲ್ಲಿ. ಟಿಶ್ಯೂನಲ್ಲಿ ಸುತ್ತಿ ತಟ್ಟೆ ಪಕ್ಕ ಇಟ್ಟಿರ್ತೀರಿ, ಟೇಬಲ್ ಒರೆಸೋರು ತಟ್ಟೆ ಜೊತೆ ಎತ್ತಿಕೊಂಡು ಹೋಗಿರ್ತಾರೆ. ಮನೆಯಲ್ಲಿ ನಾಯಿ ಇದ್ದರೆ ಡಬ್ಬಿ ಮುಚ್ಚಳ ಗಟ್ಟಿಯಾಗಿ ಹಾಕಿ. ಎಂಜಲು ವಾಸನೆ ಅಂದ್ರೆ ಅವಕ್ಕೆ ಪ್ರಾಣ.

ಹಾವ್ಲೀ ಪ್ಲೇಟ್ ಹಳೇ ಕಾಲದ್ದು, ಚಾರ್ಲ್ಸ್ ಹಾವ್ಲೀ ಅನ್ನೋರು ನೂರು ವರ್ಷದ ಹಿಂದೆ ಮಾಡಿದ್ದು. ಬಾಯಿಯ ಅಂಗುಳಕ್ಕೆ ಅಂಟುವ ಅಕ್ರಿಲಿಕ್ ತುಂಡು, ಮುಂದೆ ಒಂದು ತಂತಿ, ದವಡೆ ಹಲ್ಲಿಗೆ ಕೊಂಡಿ. ಮೊದಲ ವಾರ ಮಾತು ತೊದಲುತ್ತೆ. ನಮ್ಮ ಹುಡುಗ ಹಸಿರು ಬಣ್ಣದ್ದು ಹಾಕಿಸಿಕೊಂಡು ಎಲ್ಲರಿಗೂ ಬಾಯಿ ತೆರೆದು ತೋರಿಸಿದ್ದೇ ತೋರಿಸಿದ್ದು. ಅವನ ಚಟ ಏನಪ್ಪಾ ಅಂದ್ರೆ, ಓದುತ್ತಾ ಕೂತಾಗ ನಾಲಿಗೆಯಿಂದ ಪ್ಲೇಟನ್ನು ಕೆಳಗೆ ತಳ್ಳಿ ಮತ್ತೆ ಕಚ್ಚಿ ಕೂರಿಸೋದು, ಟಕ್, ಟಕ್, ಟಕ್. ಆ ಕೊಂಡಿಗಳು ಸಡಿಲಾಗೋದು, ಕೊನೆಗೆ ಮುರಿಯೋದು ಹೀಗೇ. ಆದರೂ ನನಗೆ ಇದರ ಮೇಲೆ ಗೌರವ. ತಂತಿ ಸಡಿಲಾದರೆ ಡಾಕ್ಟರು ಇಕ್ಕಳದಲ್ಲಿ ಸ್ವಲ್ಪ ಬಾಗಿಸಿ ಕೊಡ್ತಾರೆ, ಅಕ್ರಿಲಿಕ್ ಒಡೆದರೆ ಕೂಡಿಸಬಹುದು. ಕಾಳಜಿಯಿಂದ ಇಟ್ಟುಕೊಂಡರೆ ಐದು ವರ್ಷ ದಾಟುತ್ತೆ, ಹತ್ತು ವರ್ಷ ಬಂದದ್ದೂ ಉಂಟು.

ಅಂಟಿಸಿದ ತಂತಿ ನನಗೆ ಕೊಟ್ಟಾಗ ಕ್ಲಿನಿಕ್ಕಿನವರು "ಲೈಫ್‌ಟೈಮ್" ಅಂದಿದ್ದರು. ಯಾರ ಲೈಫು ಅಂತ ಹೇಳಲಿಲ್ಲ. ಒಂದು ಹಲ್ಲಿನ ಹತ್ತಿರ ಅಂಟು ಬಿಟ್ಟಾಗ ಮತ್ತೆ ಅಂಟಿಸೋಕೆ ಬೇರೆ ಬಿಲ್ ಹಾಕಿದರು, ಮೊದಲೇ ಹೇಳಿದ್ರೆ ಏನಾಗ್ತಿತ್ತು?

ಕೋರೆಹಲ್ಲಿನಿಂದ ಕೋರೆಹಲ್ಲಿನ ತನಕ, ಹಲವು ಎಳೆ ಹೊಸೆದ ತೆಳು ಉಕ್ಕಿನ ತಂತಿ ಇದು. ಹಾಕಿದ್ದೇ ಮರೆತುಹೋಗುವಷ್ಟು ಆರಾಮ. ಚೆನ್ನಾಗಿ ಕೂತರೆ ಹತ್ತು ವರ್ಷಕ್ಕೂ ಮೇಲೆ ಬರುತ್ತೆ. ಆದರೆ ಅಂಟಿಸುವಾಗ ಹಲ್ಲಿಗೆ ಒಂಚೂರು ಎಂಜಲು ತಾಗಿದರೂ ಹಿಡಿತ ಕಚ್ಚಾ. ಹಾಗಾಗಿ ಕಿತ್ತುಬರೋದು ಹೆಚ್ಚಾಗಿ ಮೊದಲ ಆರು ತಿಂಗಳಲ್ಲೇ. ಆಮೇಲೆ ಕೋಡುಬಳೆ, ಕಬ್ಬು, ಸೀಬೆಕಾಯಿಗೆ ಮುಂದಿನ ಹಲ್ಲು ಹಾಕೋದು. ಮೇಲಿನ ಸಾಲಿಗೆ ಹಾಕಿದ್ದರೆ ಕೆಳಗಿನ ಹಲ್ಲು ಬಡಿದು ಬಡಿದು ಬಿಡೋದೂ ಇದೆ.

ಇದರ ದೊಡ್ಡ ದೋಷ, ಹಾಳಾದದ್ದು ಗೊತ್ತಾಗಲ್ಲ. ಪ್ಲೇಟ್ ಮುರಿದರೆ ಕೈಯಲ್ಲಿ ಎರಡು ತುಂಡು ಇರುತ್ತೆ. ತಂತಿ ಐದು ಹಲ್ಲಿಗೆ ಗಟ್ಟಿಯಾಗಿದ್ದು ಒಂದಕ್ಕೆ ಬಿಟ್ಟರೆ, ತಂತಿ ಅಲ್ಲಾಡಲ್ಲ, ನೋವಿಲ್ಲ, ಆ ಒಂದು ಹಲ್ಲು ಮಾತ್ರ ಮೆಲ್ಲಗೆ ಜಾರುತ್ತೆ. ನನಗೆ ಗೊತ್ತಾಗಿದ್ದು ಹಲ್ಲಿನ ಸಂದಿಗೆ ತೂರಿಸಿ ಶುಚಿ ಮಾಡೋ ನೂಲು, ಅಂದ್ರೆ ಸೂಪರ್‌ಫ್ಲಾಸ್‌ನಿಂದ. ತಂತಿಯ ಕೆಳಗೆ ನೂಲು ತೂರಿಸಿ ಪಕ್ಕಕ್ಕೆ ಎಳೆದರೆ ಪ್ರತಿ ಹಲ್ಲಿನ ಅಂಟಿನ ಗುಂಡಿಗೆ ತಾಗಿ ನಿಲ್ಲಬೇಕು. ಒಂದು ಕಡೆ ನಿಲ್ಲದೆ ಜಾರಿ ಪಕ್ಕದ ಹಲ್ಲಿಗೆ ಹೋಯಿತು. ಕನ್ನಡಿಯಲ್ಲಿ ನೋಡಿದರೆ ಅಂಟು ತಂತಿಗೆ ಅಂಟಿಕೊಂಡೇ ಇದೆ, ಹಲ್ಲಿಗೆ ಮಾತ್ರ ಇಲ್ಲ. ಇದಲ್ಲದೆ ಅಪರೂಪಕ್ಕೆ ತಂತಿ ಎಲ್ಲೂ ಬಿಡದೆ ತಾನೇ ತಿರುಚಿಕೊಂಡು ಹಲ್ಲುಗಳನ್ನು ಒಂದು ಹಿಂದೆ ಒಂದು ಮುಂದೆ ತಳ್ಳುತ್ತೆ. ಆಗ ಅದನ್ನು ತೆಗೆಸಲೇಬೇಕು.

ಇನ್ನು ಕಿಟ್ಟ, ಅಂದ್ರೆ ಹಲ್ಲಿನ ಮೇಲೆ ಗಟ್ಟಿಯಾಗಿ ಕೂತ ಪಾಚಿ. ನಾಲಿಗೆ ಕೆಳಗಿನ ಎಂಜಲು ಗ್ರಂಥಿಯ ಬಾಯಿ ಇರೋದು ಆ ಹಲ್ಲುಗಳ ಹಿಂದೆಯೇ, ಹಾಗಾಗಿ ಅಲ್ಲಿ ಬೇರೆ ಕಡೆಗಿಂತ ಬೇಗ ಕಟ್ಟುತ್ತೆ. ತಂತಿ ಇದ್ದರೆ ಕೇಳೋದೇ ಬೇಡ. ಆರು ತಿಂಗಳಿಗೊಮ್ಮೆ ಕ್ಲೀನಿಂಗ್‌ಗೆ ಹೋದಾಗ ಪ್ರತಿ ಅಂಟನ್ನೂ ತಟ್ಟಿ ನೋಡಿ ಅಂತ ಬಾಯಿ ಬಿಟ್ಟು ಕೇಳಿ.

ನನ್ನ ಲೆಕ್ಕ: ಪಾರದರ್ಶಕದ್ದಕ್ಕೆ ಐದಕ್ಕೆ ಮೂರು, ಹಾವ್ಲೀಗೆ ನಾಲ್ಕು. ತಂತಿಗೆ ಫ್ಲಾಸ್ ಮಾಡುವವರಾದರೆ ನಾಲ್ಕು, ಮಾಡದವರಾದರೆ ಎರಡು. ತಂತಿ ಇದ್ದವರು ರಾತ್ರಿಗೆ ಅದರ ಮೇಲೆ ಕೂರುವಂಥ ಒಂದು ಪಾರದರ್ಶಕದ್ದೂ ಮಾಡಿಸಿಕೊಳ್ಳಿ, ಅಂಟು ಬಿಟ್ಟರೂ ಹಲ್ಲು ಓಡಿಹೋಗಲ್ಲ. ಹಲ್ಲು ಕಡಿಯೋರು ರಿಟೇನರನ್ನೇ ಹಲ್ಲು ಸವೆಯದಂತೆ ಕಾಪಾಡೋ ನೈಟ್‌ಗಾರ್ಡ್ ಅಂತ ನಂಬಿಕೊಳ್ಳದೆ ದಪ್ಪದ್ದು ಬೇಕು ಅಂತ ಕೇಳಿ.

ಕ್ಲಿಪ್ ತೆಗೆದ ದಿನವೇ ಅಚ್ಚು ಅಥವಾ ಸ್ಕ್ಯಾನ್ ಫೈಲ್ ಇಸ್ಕೊಳ್ಳಿ. ಎಷ್ಟೋ ಕ್ಲಿನಿಕ್‌ಗಳು ಹಳೇ ಅಚ್ಚುಗಳನ್ನು ಎಸೆದುಬಿಡುತ್ತವೆ. ಫೈಲ್ ನಿಮ್ಮ ಹತ್ತಿರ ಇದ್ದರೆ, ಹಲ್ಲು ಜರುಗಿಲ್ಲದಿದ್ದರೆ, ಬೇರೆ ಊರಿನಲ್ಲೂ ಹೊಸ ಅಳತೆ ಕೊಡದೆ ಇನ್ನೊಂದು ಮಾಡಿಸಬಹುದು. ಕಳೆದುಹೋದರೆ ಆ ವಾರವೇ ಹೋಗಿ, ತಿಂಗಳು ಬಿಟ್ಟು ಹೋದರೆ ಹಳೇ ಅಚ್ಚು ಕೂರದೇ ಹೋಗಬಹುದು.